ಪುಸ್ತಕಕ್ಕೂ ಉತಾರ ಬೇಕು: ಲೇಖಕರೇ ಬರೆದುಕೊಟ್ಟ ಹಳೇ ಗೂಢಚಾರ ಕಾದಂಬರಿಗಳನ್ನು ಗುರುತಿಸುವುದು ಹೇಗೆ

ಬೆಳಗಾವಿಯ ಕ್ಯಾಂಪ್ ಕಡೆಯ ಒಂದು ರದ್ದಿ ಅಂಗಡಿಯಲ್ಲಿ ನನಗೆ ‘ಗೋಲ್ಡ್‌ಫಿಂಗರ್’ ಸಿಕ್ಕಿತು. ಜುಲೈ ತಿಂಗಳು, ಬಿಡದ ಜಿಟಿಜಿಟಿ ಮಳೆ, ಅಂಗಡಿಯವರು ಪೇಪರ್ ಗಂಟುಗಳ ಮೇಲೆ ತಾಡಪತ್ರಿ ಎಳೆಯುತ್ತಿದ್ದರು. ಹಳೇ ಗೈಡುಗಳ ರಾಶಿಯ ಅಡಿಯಲ್ಲಿ ಒಂದು ತಲೆಬುರುಡೆ ಇಣುಕುತ್ತಿತ್ತು. ಬಾಯಲ್ಲಿ ಗುಲಾಬಿ, ಕಣ್ಣಿನ ಗುಳಿಯಲ್ಲಿ ಚಿನ್ನದ ನಾಣ್ಯ. ಅದು ರಿಚರ್ಡ್ ಚಾಪಿಂಗ್ ಬರೆದ ಚಿತ್ರ, ಲಂಡನ್ನಿನ ಜೊನಾಥನ್ ಕೇಪ್ ಪ್ರಕಾಶನ 1959ರಲ್ಲಿ ತಂದ, ಜೇಮ್ಸ್ ಬಾಂಡ್ ಅನ್ನುವ ಗೂಢಚಾರನ ಕಥೆಗಳನ್ನು ಬರೆದ ಇಯಾನ್ ಫ್ಲೆಮಿಂಗ್ ಕಾದಂಬರಿಯ ಜಾಕೆಟ್, ಅಂದರೆ ರಟ್ಟಿನ ಮೇಲಿನ ಕಾಗದದ ಹೊದಿಕೆ. ಜಾಕೆಟ್ ಸರಿಸಿದರೆ ಕೆಳಗೆ ಕಪ್ಪು ರಟ್ಟು, ಅದರ ಮೇಲೂ ಅದೇ ಬುರುಡೆಯನ್ನು ಬಣ್ಣವಿಲ್ಲದೆ ಒತ್ತಿದ್ದಾರೆ, ನಾಣ್ಯ ಮಾತ್ರ ಬಂಗಾರದ ಬಣ್ಣ. ಬೆರಳಾಡಿಸಿದರೆ ಬುರುಡೆಯ ಗೆರೆ ಕೈಗೆ ಹತ್ತುತ್ತದೆ.

ಮೊದಲ ಖಾಲಿ ಹಾಳೆಯಲ್ಲಿ ನೀಲಿ ಶಾಯಿಯ ಎರಡು ಸಾಲು ಇತ್ತು. ಇಂಗ್ಲಿಷಿನಲ್ಲಿ, ಓರೆಯಾದ ಕೈಬರಹ. ಅಣ್ಣನಿಗೆ, ಕ್ರಿಸ್‌ಮಸ್ 1961, ಬೆಳಗಾಂವ.

ತೂಕಕ್ಕೆ ಹಾಕಿ ಕೊಟ್ಟರು. ಮನೆಗೆ ತಂದು ಗೆಳೆಯರಿಗೆ ತೋರಿಸಿದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಹಳೇ ಪುಸ್ತಕ, ಮೊದಲ ಪುಟದಲ್ಲಿ ಕೈಬರಹ ಬೇರೆ ಇದೆ, ಹಾಗಾದರೆ ಇದಕ್ಕೆ ಲಕ್ಷ ರೂಪಾಯಿ ಬರುತ್ತಲ್ವಾ? ಬರಲ್ಲ. ಯಾಕೆ ಬರಲ್ಲ ಅಂತ ಹೇಳಲು ಹೋದರೆ ಈ ಸಂಗ್ರಹದ ಲೋಕವನ್ನೇ ಬಿಡಿಸಿ ಹೇಳಬೇಕಾಗುತ್ತದೆ. ಅದಕ್ಕೇ ಈ ಲೇಖನ.

ಮೊದಲು ‘ಮೊದಲ ಆವೃತ್ತಿ’ ಅಂದರೇನು ನೋಡೋಣ. ನಮ್ಮ ಕನ್ನಡ ಪುಸ್ತಕಗಳಲ್ಲಿ ಇದು ಎಷ್ಟು ಸಲೀಸು ನೋಡಿ. ಶೀರ್ಷಿಕೆ ಪುಟ ತಿರುಗಿಸಿದರೆ ಮೊದಲ ಮುದ್ರಣದ ವರ್ಷ, ಬೆಲೆ ಇರುತ್ತದೆ, ಎಷ್ಟೋ ಪುಸ್ತಕಗಳಲ್ಲಿ ‘ಪ್ರತಿಗಳು: 1000’ ಅಂತಲೂ ಅಚ್ಚು ಹಾಕಿರುತ್ತಾರೆ. ಇಂಗ್ಲೆಂಡಿನ ಪ್ರಕಾಶಕರು ಪ್ರತಿಗಳ ಲೆಕ್ಕ ಹೇಳುವುದಿಲ್ಲ. ‘ಮೊದಲು ಪ್ರಕಟವಾದದ್ದು 1959’ ಅನ್ನುವ ಸಾಲು ಇರುತ್ತದೆ, ಆದರೆ ಆ ಸಾಲು ಹತ್ತನೇ ಮುದ್ರಣದಲ್ಲೂ ಹಾಗೇ ಇರುತ್ತದೆ! ನೋಡಬೇಕಾದದ್ದು ಅದರ ಕೆಳಗೆ. ಎರಡನೇ ಮುದ್ರಣ, ಮೂರನೇ ಮುದ್ರಣ ಅನ್ನುವ ಸಾಲು ಕೆಳಗೆ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ಮೊದಲ ಮುದ್ರಣ. ಸಂಗ್ರಹಕಾರರು ‘ಮೊದಲ ಆವೃತ್ತಿ’ ಅನ್ನುವಾಗ ಅವರ ಮನಸ್ಸಿನಲ್ಲಿ ಇರುವುದು ಇದೊಂದೇ, ಮೊದಲ ಆವೃತ್ತಿಯ ಮೊದಲ ಮುದ್ರಣ. ನನ್ನ ಗೋಲ್ಡ್‌ಫಿಂಗರ್‌ನಲ್ಲಿ 1959ರ ಸಾಲಿನ ಕೆಳಗೆ ಸಣ್ಣಕ್ಷರದಲ್ಲಿ ಮರುಮುದ್ರಣದ ಸಾಲು ಇದೆ. ಅಲ್ಲಿಗೆ ಒಂದು ಬಾಗಿಲು ಮುಚ್ಚಿತು.

ಈಚಿನ ಪುಸ್ತಕಗಳಲ್ಲಿ ಈ ಮಾತನ್ನು ಅಂಕಿಗಳೇ ಹೇಳುತ್ತವೆ. ಹತ್ತರಿಂದ ಒಂದರವರೆಗೆ ಒಂದು ಸಾಲು ಅಚ್ಚಾಗಿರುತ್ತದೆ. ಅದರಲ್ಲಿ ಉಳಿದಿರುವ ಅತಿ ಸಣ್ಣ ಅಂಕಿ ಯಾವುದೋ ಅದೇ ಮುದ್ರಣದ ಸಂಖ್ಯೆ. ಒಂದು ಇದ್ದರೆ ಮೊದಲನೆಯದು, ಒಂದು ಮಾಯವಾಗಿ ಎರಡರಿಂದ ಶುರುವಾದರೆ ಎರಡನೆಯದು. ಇದೇನು ಗುಪ್ತಲಿಪಿಯಲ್ಲ, ಅಚ್ಚಿನ ಕೆಲಸದ ಅನುಕೂಲ. ಪ್ರತಿ ಸಲ ಹೊಸ ಸಾಲು ಜೋಡಿಸುವುದಕ್ಕಿಂತ ಇದ್ದ ಪ್ಲೇಟಿನಿಂದ ಒಂದು ಅಂಕಿ ಕೆರೆದು ತೆಗೆಯುವುದು ಸುಲಭ, ಅಷ್ಟೇ.

ಇನ್ನೊಂದು ಕಡೆ ಜನ ಎಡವುತ್ತಾರೆ: ಬುಕ್ ಕ್ಲಬ್ ಪ್ರತಿಗಳು. ಇಂಗ್ಲೆಂಡಿನಲ್ಲಿ ಸದಸ್ಯರಿಗೆ ಅಂತ ಕಡಿಮೆ ಬೆಲೆಗೆ ಬೇರೆಯಾಗಿ ಅಚ್ಚು ಹಾಕಿ ಕೊಡುತ್ತಿದ್ದರು. ನೋಡಲು ಹೆಚ್ಚುಕಡಿಮೆ ಅದೇ ಪುಸ್ತಕ. ಆದರೆ ಕ್ಲಬ್ಬಿನ ಹೆಸರು ಎಲ್ಲೋ ಒಂದು ಕಡೆ ಇರುತ್ತದೆ, ಜಾಕೆಟ್ಟಿನ ಒಳಮಡಿಕೆಯಲ್ಲಿ ಶಿಲ್ಲಿಂಗ್ ಬೆಲೆ ಇರುವುದಿಲ್ಲ, ಕೈಯಲ್ಲಿ ಹಿಡಿದರೆ ಹಗುರ ಅನಿಸುತ್ತದೆ. ನಮ್ಮ ಕಡೆಯ ರಾಶಿಗಳಲ್ಲಿ ಇವೇ ಜಾಸ್ತಿ.

ಈಗ ಜಾಕೆಟ್. ಇದು ಹೊಸಬರಿಗೆ ನಂಬಲು ಕಷ್ಟವಾಗುವ ಭಾಗ. ಇಪ್ಪತ್ತನೇ ಶತಮಾನದ ಕಾದಂಬರಿಗಳ ಮೊದಲ ಆವೃತ್ತಿಗೆ ಕೊಡುವ ದುಡ್ಡಿನಲ್ಲಿ ಬಹುಪಾಲು ಆ ಒಂದು ಕಾಗದದ ಹೊದಿಕೆಗೇ ಹೋಗುತ್ತದೆ. ಯಾಕೆಂದರೆ ಪುಸ್ತಕ ಉಳಿಯುತ್ತದೆ, ಜಾಕೆಟ್ ಉಳಿಯುವುದಿಲ್ಲ. ಹರಿಯುತ್ತದೆ, ಚಹಾ ಚೆಲ್ಲುತ್ತದೆ, ಗ್ರಂಥಾಲಯದವರು ಕಿತ್ತು ಎಸೆಯುತ್ತಾರೆ. ಫ್ಲೆಮಿಂಗ್ ಅವರ ಮೊದಲ ಕಾದಂಬರಿ ‘ಕ್ಯಾಸಿನೊ ರಾಯಲ್’ 1953ರ ಏಪ್ರಿಲ್ 13ರಂದು ಬಂತು. ಆಗ ಅವರು ಕಾದಂಬರಿಕಾರರಾಗಿ ಯಾರಿಗೂ ಗೊತ್ತಿಲ್ಲ, ಹಾಗಾಗಿ ಅಚ್ಚು ಹಾಕಿದ್ದು ಸುಮಾರು 4,700 ಪ್ರತಿ, ಅದರಲ್ಲೂ ಬಹಳಷ್ಟು ಗ್ರಂಥಾಲಯಗಳಿಗೆ ಹೋದವು. ಜಾಕೆಟ್ಟಿನ ವಿನ್ಯಾಸ ಫ್ಲೆಮಿಂಗ್ ಅವರದೇ. ಬೆಲೆ 10 ಶಿಲ್ಲಿಂಗ್ 6 ಪೆನ್ಸ್. ಮೊದಲು ಬಂದ ಜಾಕೆಟ್ಟಿನ ಒಳಮಡಿಕೆಯಲ್ಲಿ ‘ಸಂಡೇ ಟೈಮ್ಸ್’ ಪತ್ರಿಕೆಯ ವಿಮರ್ಶೆಯ ಸಾಲುಗಳಿಲ್ಲ, ಆಮೇಲಿನದರಲ್ಲಿ ಇವೆ. ಯೋಚಿಸಿದರೆ ಸಹಜವೇ ಅಲ್ವಾ? ಪುಸ್ತಕ ಬರುವ ಮೊದಲೇ ವಿಮರ್ಶೆ ಹೇಗೆ ಬರಬೇಕು? ಹೀಗೆ ಒಂದು ಪುಟ್ಟ ಸಾಲು ಇದೆಯೋ ಇಲ್ಲವೋ ಅನ್ನುವುದರ ಮೇಲೆ ಬೆಲೆ ನಿಂತಿದೆ. ಒಳ್ಳೆಯ ಜಾಕೆಟ್ ಇರುವ ಮೊದಲ ಮುದ್ರಣ ಇವತ್ತು ಹತ್ತಾರು ಸಾವಿರ ಪೌಂಡಿಗೆ ಮಾರಾಟವಾಗುತ್ತದೆ. ಜಾಕೆಟ್ ಇಲ್ಲದ ಅದೇ ಪುಸ್ತಕಕ್ಕೆ ಅದರ ಸಣ್ಣ ಪಾಲು ಮಾತ್ರ.

ನಂತರದ ಬಾಂಡ್ ಪುಸ್ತಕಗಳ ಕಥೆ ಬೇರೆ. 1961ರ ಮಾರ್ಚಿನಲ್ಲಿ ‘ಲೈಫ್’ ಪತ್ರಿಕೆ ಅಮೆರಿಕದ ಅಧ್ಯಕ್ಷ ಕೆನಡಿಯವರಿಗೆ ಇಷ್ಟವಾದ ಹತ್ತು ಪುಸ್ತಕಗಳ ಪಟ್ಟಿ ಹಾಕಿತು, ಅದರಲ್ಲಿ ‘ಫ್ರಮ್ ರಷ್ಯಾ ವಿತ್ ಲವ್’ ಇತ್ತು. ಮರುವರ್ಷ ‘ಡಾಕ್ಟರ್ ನೋ’ ಸಿನಿಮಾ ಬಂತು. ಅಲ್ಲಿಂದ ಮುಂದೆ ಮೊದಲ ಮುದ್ರಣವೇ ದೊಡ್ಡ ಸಂಖ್ಯೆಯಲ್ಲಿ ಆಗತೊಡಗಿತು. ಅದಕ್ಕೇ ಕೊನೆಯ ಬಾಂಡ್ ಕಾದಂಬರಿಗಳ ಮೊದಲ ಆವೃತ್ತಿಯನ್ನು ಸಾಮಾನ್ಯ ಸಂಬಳದವರೂ ಕೊಳ್ಳಬಹುದು. ಇನ್ನೊಬ್ಬ ಬ್ರಿಟಿಷ್ ಗೂಢಚಾರ ಕಾದಂಬರಿಕಾರ ಜಾನ್ ಲ ಕಾರೆ ವಿಷಯದಲ್ಲೂ ಅದೇ ಲೆಕ್ಕ: 1961ರ ‘ಕಾಲ್ ಫಾರ್ ದ ಡೆಡ್’ ಸಿಗುವುದು ಬಲು ಕಷ್ಟ, 1974ರ ‘ಟಿಂಕರ್ ಟೈಲರ್ ಸೋಲ್ಜರ್ ಸ್ಪೈ’ ಹುಡುಕಿದರೆ ಸಿಗುತ್ತದೆ. ಹೆಸರು ಬರುವುದಕ್ಕೆ ಮುಂಚಿನದು ಅಪರೂಪ, ಹೆಸರು ಬಂದ ಮೇಲಿನದು ಸಲೀಸು.

ಇನ್ನು ಕೈಬರಹಕ್ಕೆ ಬರೋಣ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ಪುಸ್ತಕದಲ್ಲಿ ಕೈಬರಹ ಇದೆ ಅಂದಕೂಡಲೇ ಮೊದಲ ಪ್ರಶ್ನೆ, ಬರೆದವರು ಯಾರು? ನನ್ನ ಗೋಲ್ಡ್‌ಫಿಂಗರ್‌ನಲ್ಲಿ ಬರೆದದ್ದು ಯಾರದೋ ತಮ್ಮ ಅಥವಾ ತಂಗಿ. ಅಂಗಡಿಯವರ ಭಾಷೆಯಲ್ಲಿ ಅದು ಬರೀ ಉಡುಗೊರೆ ಬರಹ, ಬೆಲೆಯನ್ನು ಇಳಿಸುತ್ತದೆಯೇ ಹೊರತು ಏರಿಸುವುದಿಲ್ಲ. ಅದೇ ಜಾಗದಲ್ಲಿ ಲೇಖಕರ ಕೈಬರಹ ಇದ್ದರೆ ಎಲ್ಲ ತಿರುಗುಮುರುಗು.

ಲೇಖಕರ ಬರಹದಲ್ಲೂ ಮೆಟ್ಟಿಲುಗಳಿವೆ. ಬರೀ ಸಹಿ ಇರುವುದು ಒಂದು. ‘ಇಂಥವರಿಗೆ’ ಅಂತ ಹೆಸರು ಹಾಕಿ ಬರೆದುಕೊಟ್ಟದ್ದು ಇನ್ನೊಂದು. ನಮ್ಮ ಸಾಹಿತಿಗಳು ‘ಸಪ್ರೇಮ’, ‘ಸವಿನೆನಪಿಗೆ’ ಅಂತ ಬರೆದುಕೊಡುತ್ತಾರಲ್ಲ, ಹಾಗೆ. ಸಮಾರಂಭದಲ್ಲಿ ಸಾಲಾಗಿ ನಿಂತವರಿಗೆ ಬರೆದುಕೊಡುವುದಕ್ಕೂ ಲೇಖಕರು ತಾವಾಗಿ ಮನೆಗೆ ಕಳಿಸಿಕೊಡುವುದಕ್ಕೂ ವ್ಯತ್ಯಾಸ ಇದೆ, ಎರಡನೆಯದಕ್ಕೆ ಮರ್ಯಾದೆ ಜಾಸ್ತಿ. ಪಡೆದವರು ಯಾರೋ ಗೊತ್ತಿಲ್ಲದವರಾದರೆ ಒಂದು ಬೆಲೆ, ಆ ಪುಸ್ತಕಕ್ಕೋ ಲೇಖಕರ ಬದುಕಿಗೋ ನಂಟಿರುವವರಾದರೆ ಬೆಲೆಗೆ ಮಿತಿಯೇ ಇಲ್ಲ. ಎಲ್ಲಕ್ಕಿಂತ ಮೇಲೆ ಅರ್ಪಣೆಯ ಪ್ರತಿ, ಅಂದರೆ ಪುಸ್ತಕವನ್ನು ಯಾರಿಗೆ ಅರ್ಪಿಸಿದ್ದಾರೋ ಅವರಿಗೇ ಕೊಟ್ಟ ಪ್ರತಿ. ಜಾನ್ ಬಕನ್ 1915ರ ‘ದ ಥರ್ಟಿ ನೈನ್ ಸ್ಟೆಪ್ಸ್’ ಅನ್ನು ಗೆಳೆಯ ಥಾಮಸ್ ಆರ್ಥರ್ ನೆಲ್ಸನ್‌ಗೆ ಅರ್ಪಿಸಿದರು. ಎರಡೇ ವರ್ಷದಲ್ಲಿ, 1917ರಲ್ಲಿ, ನೆಲ್ಸನ್ ಯುದ್ಧದಲ್ಲಿ ತೀರಿಕೊಂಡರು. ಅಂಥ ಗೆಳೆಯನಿಗೆ ಬರೆದುಕೊಟ್ಟ ಒಂದು ಪ್ರತಿ ಕೈಗೆ ಬಂದರೆ ಅದನ್ನು ಯಾವ ತಕ್ಕಡಿಯಲ್ಲಿ ತೂಗುವುದು?

ನಂಟು ಅಂದರೇನು ಅನ್ನುವುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಸಿಕ್ಕಿಲ್ಲ. ಜೇಮ್ಸ್ ಬಾಂಡ್ ಅನ್ನುವ ಹೆಸರು ಫ್ಲೆಮಿಂಗ್ ಹುಟ್ಟಿಸಿದ್ದಲ್ಲ. ವೆಸ್ಟ್ ಇಂಡೀಸಿನ ಹಕ್ಕಿಗಳ ಬಗ್ಗೆ ಪುಸ್ತಕ ಬರೆದ ಅಮೆರಿಕದ ಪಕ್ಷಿತಜ್ಞರೊಬ್ಬರ ಹೆಸರದು. ಜಮೈಕಾದಲ್ಲಿ ಕೂತು ಬರೆಯುತ್ತಿದ್ದ, ಹಕ್ಕಿ ನೋಡುವ ಹವ್ಯಾಸವಿದ್ದ ಫ್ಲೆಮಿಂಗ್ ಆ ಪುಸ್ತಕದ ಮೇಲಿನ ಹೆಸರನ್ನು ಎತ್ತಿಕೊಂಡರು. 1964ರ ಫೆಬ್ರವರಿಯಲ್ಲಿ ಆ ನಿಜವಾದ ಬಾಂಡ್ ಹೆಂಡತಿಯ ಜೊತೆ ಹೇಳದೆ ಕೇಳದೆ ಫ್ಲೆಮಿಂಗ್ ಮನೆಗೆ ಬಂದರು. ಫ್ಲೆಮಿಂಗ್ ಆ ಅತಿಥಿಗೆ ‘ಯು ಓನ್ಲಿ ಲಿವ್ ಟ್ವೈಸ್’ನ ಒಂದು ಪ್ರತಿ ಕೊಟ್ಟು ಅದರಲ್ಲಿ ಬರೆದರು: ನಿಜವಾದ ಜೇಮ್ಸ್ ಬಾಂಡ್‌ಗೆ, ನಿಮ್ಮ ಗುರುತನ್ನು ಕದ್ದ ಕಳ್ಳನಿಂದ. ಕೆಳಗೆ ತಾರೀಖು, ಫೆಬ್ರವರಿ 5. ಈ ಪುಸ್ತಕ ಅಂಗಡಿಗೆ ಬಂದದ್ದು ಮಾರ್ಚಿನಲ್ಲಿ. ಅಂದರೆ ಲೋಕಕ್ಕೆ ಸಿಗುವ ಮೊದಲೇ ಅವರ ಕೈಗೆ ಸಿಕ್ಕಿತ್ತು. ಪ್ರಕಟಣೆಗೆ ಮುಂಚಿನ ತಾರೀಖು ಇದ್ದರೆ ಗಾಬರಿಯಾಗಬೇಡಿ. ಲೇಖಕರಿಗೆ ಪ್ರತಿಗಳು ಮೊದಲೇ ಬರುತ್ತವೆ. ತಾರೀಖು ನಿಜವಾದರೆ ಅದು ಪುಸ್ತಕದ ತೂಕವನ್ನು ಹೆಚ್ಚಿಸುತ್ತದೆ.

ಅದೇ ವರ್ಷ ಆಗಸ್ಟ್ 12ರಂದು, 56ನೇ ವಯಸ್ಸಿನಲ್ಲಿ, ಫ್ಲೆಮಿಂಗ್ ತೀರಿಕೊಂಡರು. ಈ ತಾರೀಖನ್ನು ನೆನಪಿಟ್ಟುಕೊಂಡರೆ ಒಂದು ದೊಡ್ಡ ಮೋಸದಿಂದ ಪಾರಾಗಬಹುದು. ‘ದ ಮ್ಯಾನ್ ವಿತ್ ದ ಗೋಲ್ಡನ್ ಗನ್’ ಬಂದದ್ದು 1965ರಲ್ಲಿ. ಅದರ ಮೊಟ್ಟಮೊದಲ ಕೆಲವು ಪ್ರತಿಗಳ ರಟ್ಟಿನ ಮೇಲೆ ಬಂಗಾರದ ಬಣ್ಣದಲ್ಲಿ ಪಿಸ್ತೂಲು ಒತ್ತಿದ್ದರು, ಆಮೇಲೆ ಕೈಬಿಟ್ಟರು, ಹಾಗಾಗಿ ಪಿಸ್ತೂಲು ಇರುವ ಪ್ರತಿ ಅಪರೂಪ. ಯಾರಾದರೂ ಆ ಪುಸ್ತಕದಲ್ಲಿ ಫ್ಲೆಮಿಂಗ್ ಸಹಿ ಇದೆ ಅಂದರೆ ಭೂತಗನ್ನಡಿಯೇ ಬೇಡ, ಕ್ಯಾಲೆಂಡರ್ ಸಾಕು.

ಸಹಿಯ ಅಸಲಿತನ ನೋಡುವ ಕೆಲಸ ಹೆಚ್ಚಾಗಿ ಹೀಗೇ, ತಾಳೆ ನೋಡುವುದು. 1915ರ ಪುಸ್ತಕದಲ್ಲಿ 1915ರ ತಾರೀಖು ಹಾಕಿದ ಬರಹ ಬಾಲ್‌ಪೆನ್ನಿನಲ್ಲಿ ಇದ್ದರೆ ಅದು ಸುಳ್ಳು, ಬಾಲ್‌ಪೆನ್ ಜನರ ಕೈಗೆ ಬಂದದ್ದೇ 1945ರ ಆಚೆ. ಶಾಯಿ ಪೆನ್ನಿನ ಗೆರೆ ಒಂದೇ ದಪ್ಪ ಇರುವುದಿಲ್ಲ, ಒತ್ತಿದ ಕಡೆ ಅಗಲ, ಎತ್ತಿದ ಕಡೆ ಸಣ್ಣ. ಹಳೇ ಶಾಯಿ ಎಷ್ಟೋ ಸಲ ಎದುರಿನ ಪುಟಕ್ಕೆ ತಿಳಿಯಾಗಿ ಮೂಡಿರುತ್ತದೆ. ನಕಲು ಮಾಡುವವರು ನಿಧಾನವಾಗಿ ಬರೆಯುತ್ತಾರೆ, ಹಾಗಾಗಿ ಗೆರೆ ನಡುಗುತ್ತದೆ. ಸ್ವಂತ ಸಹಿಯನ್ನು ಯಾರೂ ಎಚ್ಚರಿಕೆಯಿಂದ ಬರೆಯುವುದಿಲ್ಲ! ಉದ್ದನೆಯ ಬರಹವನ್ನು ನಕಲು ಮಾಡುವುದು ಬರೀ ಸಹಿ ನಕಲು ಮಾಡುವುದಕ್ಕಿಂತ ಎಷ್ಟೋ ಕಷ್ಟ. ಹೆಸರು ಹಾಕಿ ಬರೆದುಕೊಟ್ಟ ಪ್ರತಿಗೆ ಸಂಗ್ರಹಕಾರರು ಜೀವ ಬಿಡುವುದಕ್ಕೆ ಇದೂ ಒಂದು ಕಾರಣ.

ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರರ ಹತ್ತಿರ ‘ಲೇಖಕರ ಸಹಿ ಇರುವ ಪ್ರತಿ’ ಅಂತ ಒಂದು ಗೂಢಚಾರ ಕಾದಂಬರಿ ತರಿಸಿದೆ. ಎರಡು ತಿಂಗಳ ಉಳಿತಾಯ. ಬಂದ ದಿನ ಟ್ಯೂಬ್‌ಲೈಟಿನ ಕೆಳಗೆ ಹಾಳೆ ಓರೆ ಹಿಡಿದು ನೋಡಿದರೆ ಪೆನ್ನು ಒತ್ತಿದ ಗುರುತೇ ಇಲ್ಲ. ಭೂತಗನ್ನಡಿ ಹಿಡಿದರೆ ಸಹಿಯ ಗೆರೆ ಪೂರ್ತಿ ಸಣ್ಣ ಸಣ್ಣ ಚುಕ್ಕೆಗಳು, ಅಂದರೆ ಅದು ಪುಟದ ಜೊತೆಗೇ ಅಚ್ಚಾದ ಸಹಿ. ತಕರಾರು ಬರೆದರೆ ‘ಸಹಿ ಇದೆಯಲ್ಲ’ ಅನ್ನುವ ಉತ್ತರ ಬಂತು. ದುಡ್ಡು ಹೋಯಿತು, ನೋವು ಇನ್ನೂ ಇದೆ. ನೀವು ಕೊಳ್ಳುವ ಮೊದಲು ಸಹಿಯ ದೊಡ್ಡ ಫೋಟೊ, ಓರೆ ಬೆಳಕಿನಲ್ಲಿ ತೆಗೆದದ್ದು, ಕೇಳಿಯೇ ಕೇಳಿ. ಇನ್ನೊಂದು ಬಗೆಯೂ ಇದೆ, ಅದು ಮೋಸವಲ್ಲ. ಲೇಖಕರು ಬಿಡಿ ಹಾಳೆಗಳ ಮೇಲೆ ಸಹಿ ಹಾಕಿಕೊಟ್ಟು ಪ್ರಕಾಶಕರು ಅದನ್ನು ಪುಸ್ತಕದೊಳಗೆ ಸೇರಿಸುತ್ತಾರೆ. ಸಹಿ ಅಸಲಿ, ಆದರೆ ಲೇಖಕರು ಆ ಪುಸ್ತಕವನ್ನು ಮುಟ್ಟಿಯೇ ಇಲ್ಲ. ಎರಡಕ್ಕೂ ಒಂದೇ ಬೆಲೆ ಕೊಡಬೇಡಿ.

ಇಷ್ಟಾದರೂ ಅನುಮಾನ ಉಳಿಯುತ್ತದೆ. ಆಗ ಕೈಹಿಡಿಯುವುದು ಪುಸ್ತಕದ ಜಾಡು. ನಮ್ಮ ಕಡೆ ಹೊಲ ಕೊಳ್ಳುವಾಗ ಮೊದಲು ಉತಾರ ನೋಡುತ್ತೇವೆ. ಯಾರ ಹೆಸರಿನಲ್ಲಿತ್ತು, ಯಾರಿಂದ ಯಾರಿಗೆ ಬಂತು, ನಡುವೆ ಯಾವ ಕೊಂಡಿ ಕಳಚಿದೆ? ಮಣ್ಣು ಎಷ್ಟೇ ಕಪ್ಪಗಿದ್ದರೂ ಉತಾರ ಸರಿ ಇಲ್ಲದಿದ್ದರೆ ಯಾರೂ ದುಡ್ಡು ಬಿಚ್ಚುವುದಿಲ್ಲ. ಪುಸ್ತಕಕ್ಕೂ ಅದೇ. ಲೇಖಕರು ಕೊಟ್ಟದ್ದು ಯಾರಿಗೆ, ಅವರ ಮನೆಯಿಂದ ಯಾವ ಹರಾಜಿಗೆ ಬಂತು, ಹರಾಜಿನ ಪಟ್ಟಿಯಲ್ಲಿ ನಮೂದಾಗಿದೆಯಾ, ಜೊತೆಗೆ ಪತ್ರವೋ ರಸೀದಿಯೋ ಇದೆಯಾ? ಒಂದು ಹಳೇ ಅಂಚೆ ಲಕೋಟೆ ಪುಸ್ತಕದ ಒಳಗೇ ಉಳಿದಿದ್ದರೆ ಅದನ್ನು ಎಸೆಯಬೇಡಿ, ಅದೇ ಸಾಕ್ಷಿ.

ಗೂಢಚಾರ ಕಾದಂಬರಿಗಳಲ್ಲಿ ಈ ಜಾಡು ಯಾಕೆ ಇಷ್ಟು ರುಚಿಯಾಗಿರುತ್ತದೆ ಅಂದರೆ, ಬರೆದವರಲ್ಲಿ ಹಲವರು ಸ್ವತಃ ಆ ಕೆಲಸ ಮಾಡಿದವರು. ಸಾಮರ್‌ಸೆಟ್ ಮಾಮ್ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಗೂಢಚಾರರಾಗಿದ್ದು ಅದರಿಂದ 1928ರ ‘ಆಶೆಂಡೆನ್’ ಹುಟ್ಟಿತು. ಫ್ಲೆಮಿಂಗ್ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಗುಪ್ತಚರ ವಿಭಾಗದಲ್ಲಿದ್ದರು. ಲ ಕಾರೆ ಅನ್ನುವುದು ಸುಳ್ಳು ಹೆಸರು, ನಿಜ ಹೆಸರು ಡೇವಿಡ್ ಕಾರ್ನ್‌ವೆಲ್. 1963ರಲ್ಲಿ ‘ದ ಸ್ಪೈ ಹೂ ಕೇಮ್ ಇನ್ ಫ್ರಮ್ ದ ಕೋಲ್ಡ್’ ಬಂದಾಗ ಅವರು ಇನ್ನೂ ಗುಪ್ತಚರ ಸೇವೆಯಲ್ಲೇ ಇದ್ದರು, ಅದಕ್ಕೇ ಸ್ವಂತ ಹೆಸರು ಹಾಕುವಂತಿರಲಿಲ್ಲ. ಅವರ ಆ ಕಾಲದ ಪುಸ್ತಕವೊಂದರಲ್ಲಿ ‘ಡೇವಿಡ್’ ಅಂತ ಬರೆದುಕೊಟ್ಟದ್ದು ಕಂಡರೆ ಪಡೆದವರು ಒಳಗಿನವರು ಅಂತ ಊಹಿಸಬಹುದು. ಕಾದಂಬರಿಕಾರ ಗ್ರಹಾಂ ಗ್ರೀನ್ ಬ್ರಿಟಿಷ್ ಗುಪ್ತಚರ ಸೇವೆಯಲ್ಲಿದ್ದಾಗ ಅವರ ಮೇಲಧಿಕಾರಿಯಾಗಿದ್ದದ್ದು ಕಿಮ್ ಫಿಲ್ಬಿ, 1963ರಲ್ಲಿ ಮಾಸ್ಕೋಗೆ ಓಡಿಹೋದ ಅದೇ ಸೋವಿಯತ್ ಬೇಹುಗಾರ. ಅವನ ಆತ್ಮಕಥೆಗೆ 1968ರಲ್ಲಿ ಮುನ್ನುಡಿ ಬರೆದವರು ಗ್ರೀನ್. ಫಿಲ್ಬಿ ಸತ್ತ ಮೇಲೆ ಅವನ ಕಾಗದಪತ್ರ, ಸಾಮಾನು 1994ರಲ್ಲಿ ಲಂಡನ್ನಿನ ಸದಬೀಸ್ ಹರಾಜಿಗೆ ಬಂದವು. ಹೀಗೆ ಒಬ್ಬ ಬೇಹುಗಾರ ಇನ್ನೊಬ್ಬನಿಗೆ ಕೊಟ್ಟ ಪುಸ್ತಕ ಅಂದರೆ ಮೊದಲ ಪುಟದ ಎರಡು ಸಾಲೇ ಒಂದು ಕಾದಂಬರಿ.

ಫ್ಲೆಮಿಂಗ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅವರು ಸ್ವತಃ ಮೊದಲ ಆವೃತ್ತಿಗಳ ಸಂಗ್ರಹಕಾರರು. ಬಾಂಡ್ ಹುಟ್ಟುವುದಕ್ಕೆ ಬಹಳ ಮೊದಲೇ, 1930ರ ದಶಕದಲ್ಲಿ, ಪುಸ್ತಕ ವ್ಯಾಪಾರಿ ಪರ್ಸಿ ಮ್ಯೂರ್ ನೆರವಿನಿಂದ, ಜಗತ್ತಿನಲ್ಲಿ ಏನಾದರೂ ಹೊಸದನ್ನು ಶುರುಮಾಡಿದ ಪುಸ್ತಕಗಳನ್ನೇ ಹುಡುಕಿ ಕೂಡಿಸಿದರು. ವಿಜ್ಞಾನ, ತಂತ್ರಜ್ಞಾನ, ಸಮಾಜ ಯಾವುದಾದರೂ ಸರಿ. ಒಂದೊಂದಕ್ಕೂ ಕಪ್ಪು ಪೆಟ್ಟಿಗೆ ಮಾಡಿಸಿದ್ದರು. ‘ದ ಬುಕ್ ಕಲೆಕ್ಟರ್’ ಅನ್ನುವ ಪತ್ರಿಕೆಯ ಹಿಂದೆಯೂ ಅವರೇ ಇದ್ದರು. 1970ರಲ್ಲಿ ಆ ಸಂಗ್ರಹ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಲಿಲ್ಲಿ ಲೈಬ್ರರಿ ಸೇರಿತು.

ನಮ್ಮೂರಿನಲ್ಲಿ ಇದೆಲ್ಲ ಸಿಗುತ್ತಾ? ಬೆಳಗಾವಿ ಕ್ಯಾಂಟೋನ್ಮೆಂಟ್ ಊರು, ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇಲ್ಲಿದೆ. ಅಧಿಕಾರಿಗಳು ಬಂದರು, ಹೋದರು, ಓದಿದ ಪುಸ್ತಕ ಬಿಟ್ಟು ಹೋದರು. ಹಾಗಾಗಿ ರದ್ದಿಯಲ್ಲಿ ಇಂಗ್ಲಿಷ್ ಥ್ರಿಲ್ಲರ್‌ಗಳು ಸಿಗುತ್ತವೆ. ಅವುಗಳಲ್ಲಿ ಇಂಗ್ಲೆಂಡಿನ ಪ್ರಕಾಶಕರು ಭಾರತ ಮತ್ತು ಇತರ ವಸಾಹತುಗಳಲ್ಲಿ ಮಾತ್ರ ಮಾರಲು ತಂದ ಬೇರೆಯ ಆವೃತ್ತಿಗಳೂ ಇರುತ್ತವೆ. ಮ್ಯಾಕ್‌ಮಿಲನ್‌ನ ‘ಕಲೋನಿಯಲ್ ಲೈಬ್ರರಿ’ ಅಂಥದ್ದು. ಕಿಪ್ಲಿಂಗ್ ಅವರ 1901ರ ‘ಕಿಮ್’, ಲಾಹೋರದ ಬೀದಿಯ ಹುಡುಗ ಬೇಹುಗಾರನಾಗುವ ಕಥೆ, ಆ ಮಾಲೆಯಲ್ಲೂ ಬಂದಿತ್ತು. ಲಂಡನ್ ಆವೃತ್ತಿಯಷ್ಟು ಬೆಲೆ ಇದಕ್ಕಿಲ್ಲ. ಆದರೆ ನಮ್ಮ ನೆಲದಲ್ಲಿ ಓದಿಸಿಕೊಂಡ ಪುಸ್ತಕ ಅದು, ನನಗಂತೂ ಅದರ ಮೇಲೇ ಕಣ್ಣು.

ಕನ್ನಡದಲ್ಲೂ ಕೆಲಸ ಬೇಕಾದಷ್ಟಿದೆ. ಎನ್. ನರಸಿಂಹಯ್ಯ ಅವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ನಮ್ಮ ಅಪ್ಪನ ತಲೆಮಾರು ಓದು ಕಲಿತದ್ದೇ ಅವುಗಳಿಂದ. ಅಗ್ಗದ ಕಾಗದ, ಪಿನ್ನು ಹೊಡೆದ ಬೆನ್ನು, ಬಾಡಿಗೆ ಲೈಬ್ರರಿಯ ಸೀಲು. ಕೈಯಿಂದ ಕೈಗೆ ಹೋಗಿ ಹರಿದು ಚಿಂದಿಯಾದವು. ಅವರ ‘ಪತ್ತೇದಾರ ಪುರುಷೋತ್ತಮ’ದ ಮೊದಲ ಮುದ್ರಣ, ಅದೂ ಅವರ ಸಹಿ ಇರುವ ಪ್ರತಿ, ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ಕೊನೆಗೆ, ಇಟ್ಟುಕೊಳ್ಳುವುದು. ಬೆಳಗಾವಿಯ ಮಳೆಗಾಲಕ್ಕೂ ವಿಜಯಪುರದ ಬಿಸಿಲಿಗೂ ಒಂದೇ ಉಪಾಯ ನಡೆಯುವುದಿಲ್ಲ. ಇಲ್ಲಿ ಶತ್ರು ತೇವ: ಕಾಗದದ ಮೇಲೆ ಕಂದು ಚುಕ್ಕೆ ಏಳುತ್ತದೆ, ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಅಲ್ಲಿ ಬಿಸಿ: ಕಾಗದ ಹಪ್ಪಳದಂತಾಗುತ್ತದೆ, ಕಿಟಕಿ ಎದುರಿಗಿಟ್ಟರೆ ಜಾಕೆಟ್ಟಿನ ಬೆನ್ನಿನ ಕೆಂಪು ಬಣ್ಣ ಮೊದಲು ಹಾರಿಹೋಗುತ್ತದೆ. ಕಪಾಟನ್ನು ತೇವ ಏರುವ ಗೋಡೆಗೆ ತಾಗಿಸಬೇಡಿ. ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಕೂಡಿಟ್ಟುಕೊಳ್ಳಿ. ಬೇವಿನ ಎಲೆಯನ್ನು ಕಪಾಟಿನಲ್ಲಿ ಬೇಕಾದರೆ ಇಡಿ, ಪುಟಗಳ ನಡುವೆ ಬೇಡ, ಕಲೆ ಬೀಳುತ್ತದೆ. ಜಾಕೆಟ್ ಹರಿದಿದ್ದರೆ ಸೆಲೋಟೇಪ್ ಹಚ್ಚಲೇಬೇಡಿ, ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಪುಸ್ತಕ ಮುಗಿದಂತೆ. ಅಂಟಿಲ್ಲದ ಪಾರದರ್ಶಕ ಪಾಲಿಯೆಸ್ಟರ್ ಹೊದಿಕೆ ಸಾಕು.

ನಮ್ಮ ಮನೆಯಲ್ಲಿ ದಸರೆಗೆ ಮನೆ ತೊಳೆಯುವಾಗ ಪುಸ್ತಕಗಳೂ ಹೊರಗೆ ಬರುತ್ತವೆ. ಪಡಸಾಲೆಯ ನೆರಳಲ್ಲಿ ಚಾಪೆ ಹಾಸಿ, ಒಂದೊಂದನ್ನೂ ಅರ್ಧ ಬಿಚ್ಚಿ ನಿಲ್ಲಿಸಿ ಗಾಳಿಗಿಡುತ್ತೇನೆ. ಗೋಲ್ಡ್‌ಫಿಂಗರ್ ಕೂಡ ಆ ಸಾಲಿನಲ್ಲಿದೆ. ಮೊದಲ ಮುದ್ರಣ ಅಲ್ಲ, ಲೇಖಕರ ಕೈಬರಹವೂ ಅಲ್ಲ, ಮಾರಲು ಹೋದರೆ ಹೇಳಿಕೊಳ್ಳುವಷ್ಟು ಬೆಲೆ ಬರಲ್ಲ. 1961ರ ಕ್ರಿಸ್‌ಮಸ್ಸಿನ ನೀಲಿ ಶಾಯಿ ಮಾತ್ರ ಎದುರಿನ ಹಾಳೆಗೂ ತಿಳಿಯಾಗಿ ಮೂಡಿದೆ. ಆ ಅಣ್ಣ ಯಾವ ರೆಜಿಮೆಂಟಿನವನೋ, ಕ್ಯಾಂಪಿನ ಯಾವ ಬಂಗಲೆಯಲ್ಲಿದ್ದನೋ, ಈ ವರ್ಷ ಅದನ್ನು ಹುಡುಕಲು ಶುರುಮಾಡಿದ್ದೇನೆ.